ನಿವೃತ್ತಿಗೆ ಹಳ್ಳಿ ಹುಡುಕುವಾಗ ಆಸ್ಪತ್ರೆಯನ್ನು ಅಳೆಯುವ ಬಗೆ

ಹಳ್ಳಿ ಕಡೆ ಮನೆ ತೋರಿಸುವವರು ತಪ್ಪದೆ ಹೇಳುವ ಮಾತೊಂದಿದೆ: “ಆಸ್ಪತ್ರೆ ಇಲ್ಲೇ ಹತ್ತಿರ, 15 ಕಿಲೋಮೀಟರ್ ಅಷ್ಟೇ.” ಅದರಲ್ಲಿ ಸುಳ್ಳೇನೂ ಇರುವುದಿಲ್ಲ, ಆದರೆ ಅದರಿಂದ ತಿಳಿಯುವುದೂ ಏನಿಲ್ಲ. ಆ ಆಸ್ಪತ್ರೆಯಲ್ಲಿ ರಾತ್ರಿ 2 ಗಂಟೆಗೆ ಸಿಟಿ ಸ್ಕ್ಯಾನ್ ಮಾಡುವವರು ಇದ್ದಾರೆಯೇ? ನಡುವಿನ ಸೇತುವೆ ಜೋರು ಮಳೆಗೆ ಮುಳುಗುತ್ತದೆಯೇ? ಮನೆಯಲ್ಲಿ ಕಾರು ಓಡಿಸಲು ಬರುವ ಒಬ್ಬರೇ ಎದೆ ಹಿಡಿದು ಕೂತರೆ ಇನ್ನೊಬ್ಬರು ಏನು ಮಾಡಬೇಕು? ಇವನ್ನೆಲ್ಲ ಕೇಳಿಕೊಳ್ಳದೆ ಆ 15ಕ್ಕೆ ಅರ್ಥವಿಲ್ಲ.

ವಯಸ್ಸಿನದು ಇನ್ನೊಂದು ತೊಡಕು. 60ರಲ್ಲಿ ಜಾಗ ಕೊಳ್ಳುವವರು 60ರ ಮೈಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೊಳ್ಳುತ್ತಾರೆ. ಆ ಮನೆಯಲ್ಲಿ ಬಾಳಬೇಕಾದದ್ದು 80ರ ಮೈ. ವೈದ್ಯಕೀಯ ಅಗತ್ಯಗಳು ಆ ಹೊತ್ತಿಗೆ ಮೂರು ಥರದವಾಗಿರುತ್ತವೆ: ನಿಮಿಷಗಳ ಲೆಕ್ಕದಲ್ಲಿ ಜೀವ ತೂಗುವಂಥವು, ತಿಂಗಳುಗಟ್ಟಲೆ ಮತ್ತೆ ಮತ್ತೆ ಓಡಾಡಿಸುವಂಥವು, ದಿನನಿತ್ಯದ ಸಣ್ಣಪುಟ್ಟವು. ಜಾಗ ಹುಡುಕುವಾಗ ಎಲ್ಲರೂ ಯೋಚಿಸುವುದು ಮೊದಲನೆಯದನ್ನು. ಹಳ್ಳಿ ಬಿಟ್ಟು ಬರುವಂತೆ ಮಾಡುವುದು ಹೆಚ್ಚಾಗಿ ಎರಡನೆಯದು.

ನಿಮಿಷಗಳ ಲೆಕ್ಕ

ಹೃದಯಾಘಾತವನ್ನೇ ತೆಗೆದುಕೊಳ್ಳಿ. ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡಿದೆ ಎಂದು ಇಸಿಜಿ ತೋರಿಸಿದ ಹೊತ್ತಿನಿಂದ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಕಟ್ಟಿದ ನಾಳವನ್ನು ಒಳಗಿನಿಂದ ತೆರೆಯುವ ಚಿಕಿತ್ಸೆ) ಆಗುವಂತಿದ್ದರೆ ಅದೇ ಒಳ್ಳೆಯ ದಾರಿ. ಆಗುವಂತಿಲ್ಲದಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಇದ್ದಲ್ಲೇ, ತಡಮಾಡದೆ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಈ ಮದ್ದಿಗೆ ನೋವು ಶುರುವಾದ ಮೇಲೆ 12 ಗಂಟೆಯವರೆಗೆ ಅವಕಾಶವಿದೆಯಾದರೂ, ಅದರ ಹೆಚ್ಚಿನ ಪ್ರಯೋಜನ ಸಿಗುವುದು ಮೊದಲ ಎರಡು ಮೂರು ಗಂಟೆಯಲ್ಲಿ. ಅಂದಮೇಲೆ ಹತ್ತಿರದ ಆಸ್ಪತ್ರೆಯಲ್ಲಿ ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್ ಲ್ಯಾಬ್ ಇಲ್ಲ ಎಂದು ಕೊರಗಬೇಕಿಲ್ಲ. ಇಸಿಜಿ ಯಂತ್ರ, ಅದನ್ನು ಓದಬಲ್ಲ ಅಥವಾ ಫೋನಿನಲ್ಲಿ ತಜ್ಞರಿಗೆ ಕಳಿಸಬಲ್ಲ ವೈದ್ಯರು, ಶಾಕ್ ಕೊಡುವ ಯಂತ್ರ, ಮತ್ತು ಫ್ರಿಜ್ಜಿನಲ್ಲೋ ಕಪಾಟಿನಲ್ಲೋ ಆ ಚುಚ್ಚುಮದ್ದು ಇದ್ದರೆ ಸಾಕು. ತೊಡಕಾಗುವುದು ಈ ಕೊನೆಯದರಲ್ಲೇ. ಮದ್ದು ದುಬಾರಿ, ಅವಧಿ ಮುಗಿದರೆ ಪೂರ್ತಿ ನಷ್ಟ, ಹಾಗಾಗಿ ಅಪರೂಪಕ್ಕೊಮ್ಮೆ ಬೇಕಾಗುವ ಅದನ್ನು ತರಿಸಿಡಲು ಸಣ್ಣ ಆಸ್ಪತ್ರೆಗಳು ಹಿಂದೆಮುಂದೆ ನೋಡುತ್ತವೆ. “ಹೃದಯದ ಚಿಕಿತ್ಸೆ ಇದೆಯಾ” ಎಂದರೆ ಎಲ್ಲ ಕಡೆಯೂ ಇದೆ ಎನ್ನುತ್ತಾರೆ. “ಹೆಪ್ಪು ಕರಗಿಸುವ ಇಂಜೆಕ್ಷನ್ ಈ ಹೊತ್ತು ದಾಸ್ತಾನಿದೆಯಾ, ಕಳೆದ ಸಲ ಕೊಟ್ಟದ್ದು ಯಾವಾಗ” ಎಂದು ಕೇಳಿ.

ಸ್ಟ್ರೋಕ್ ಅಥವಾ ಲಕ್ವದ ಲೆಕ್ಕ ಬೇರೆ. ಮಿದುಳಿನಲ್ಲಿ ಹೆಪ್ಪು ಕಟ್ಟಿದೆಯೋ ರಕ್ತ ಸೋರಿದೆಯೋ ಎಂಬುದು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಬಾಯಿ ಸೊಟ್ಟಗಾಗುವುದು, ಕೈ ಜೋಲುವುದು, ಮಾತು ತೊದಲುವುದು ಎರಡರಲ್ಲೂ ಇರುತ್ತದೆ. ರಕ್ತ ಸೋರಿದವರಿಗೆ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಸಿಟಿ ಸ್ಕ್ಯಾನ್ ಆಗದೆ ಯಾರೂ ಆ ಮದ್ದು ಕೊಡುವುದಿಲ್ಲ. ಮದ್ದು ಮೈಗೆ ಸೇರಬೇಕಾದದ್ದು ಲಕ್ಷಣ ಶುರುವಾದ 4.5 ಗಂಟೆಯೊಳಗೆ. ದೊಡ್ಡ ನಾಳದ ಹೆಪ್ಪನ್ನು ತಂತಿ ಹಾಕಿ ಹೊರಗೆಳೆಯುವ ಚಿಕಿತ್ಸೆಗೆ 6 ಗಂಟೆ, ಸ್ಕ್ಯಾನ್ ನೋಡಿ ಆರಿಸಿದ ಕೆಲವರಿಗೆ 24 ಗಂಟೆಯವರೆಗೂ ಅವಕಾಶವಿದೆ, ಆದರೆ ಅದು ನಡೆಯುವುದು ದೊಡ್ಡ ಕೇಂದ್ರಗಳಲ್ಲಿ ಮಾತ್ರ.

ಹೀಗಾಗಿ ಎದೆನೋವಿಗೆ ಓಡಬೇಕಾದ ಕಡೆಯೂ ಲಕ್ವಕ್ಕೆ ಓಡಬೇಕಾದ ಕಡೆಯೂ ಒಂದೇ ಆಗಿರಬೇಕಿಲ್ಲ. ಎದೆನೋವಿಗೆ ಹತ್ತಿರದ ಇಸಿಜಿ, ಲಕ್ವಕ್ಕೆ ಹತ್ತಿರದ ಸಿಟಿ. ಸಿಟಿ ಇಲ್ಲದ ಆಸ್ಪತ್ರೆಗೆ ಲಕ್ವದವರನ್ನು ಕರೆದುಕೊಂಡು ಹೋದರೆ ಅಲ್ಲಿ ಡ್ರಿಪ್ ಹಾಕಿ, ಚೀಟಿ ಬರೆದು ಮುಂದಕ್ಕೆ ಕಳಿಸುವಷ್ಟರಲ್ಲಿ ಒಂದು ಗಂಟೆ ಹೋಗಿರುತ್ತದೆ. ಯಾವುದಕ್ಕೆ ಯಾವ ಕಡೆ ತಿರುಗಬೇಕು ಎಂಬುದನ್ನು ಮನೆ ಕೊಳ್ಳುವ ಮೊದಲೇ ಬರೆದಿಟ್ಟುಕೊಳ್ಳಬೇಕು.

ಒಬ್ಬರೇ ಇರುವವರಿಗೆ ಇಲ್ಲೊಂದು ಸೂಕ್ಷ್ಮವಿದೆ. ನಿದ್ದೆಯಿಂದ ಏಳುವಾಗಲೇ ಕೈ ಬಿದ್ದಿದ್ದರೆ ಆ 4.5 ಗಂಟೆಯನ್ನು ಎಣಿಸುವುದು ಎದ್ದ ಹೊತ್ತಿನಿಂದಲ್ಲ, ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ಅದನ್ನು ಹೇಳಬಲ್ಲವರು ಮನೆಯಲ್ಲಿ ಇಲ್ಲದಿದ್ದರೆ, ಮದ್ದು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಎಂಆರ್‌ಐಯಂಥ ಹೆಚ್ಚಿನ ಸ್ಕ್ಯಾನ್ ಬೇಕು, ಅದು ಸಣ್ಣ ಊರಲ್ಲಿ ಇರುವುದಿಲ್ಲ. ರಾತ್ರಿ ಮಲಗುವ ಮುನ್ನ ಒಂದು ಸಂದೇಶ, ಬೆಳಿಗ್ಗೆ ಎದ್ದ ಕೂಡಲೇ ಇನ್ನೊಂದು, ಯಾರಾದರೂ ಒಬ್ಬರಿಗೆ ಕಳಿಸುವ ರೂಢಿ ಇಟ್ಟುಕೊಂಡರೆ ಈ ತೊಂದರೆ ಅರ್ಧ ತಪ್ಪುತ್ತದೆ.

ಹೃದಯ ನಿಂತೇ ಹೋದರೆ ಯಾವ ಆಸ್ಪತ್ರೆಯೂ ಹತ್ತಿರವಲ್ಲ. ಎದೆ ಒತ್ತುವವರಿಲ್ಲದೆ, ಶಾಕ್ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಪಕ್ಕದ ಮನೆಯವರು: ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಲು ಕಲಿತವರು. ಊರಿನ ಶಾಲೆಯಲ್ಲೋ ಅಂಗಡಿಯಲ್ಲೋ ಎಇಡಿ ಯಂತ್ರ, ಅಂದರೆ ಜನಸಾಮಾನ್ಯರೂ ಬಳಸಬಹುದಾದ ಶಾಕ್ ಯಂತ್ರ, ಇದ್ದರೆ ಬಲು ಒಳ್ಳೆಯದು. ಇದ್ದರೆ ಅದರ ಪ್ಯಾಡ್ ಮತ್ತು ಬ್ಯಾಟರಿಯ ಅವಧಿ ಮುಗಿದಿಲ್ಲವೇ ನೋಡಿ. ರಾತ್ರಿ ಬೀಗ ಹಾಕಿದ ಕಟ್ಟಡದೊಳಗೆ ಇರುವ ಎಇಡಿ ಇಲ್ಲದ ಹಾಗೇ.

ಸೊಂಟದ ಮೂಳೆ ಮುರಿತಕ್ಕೆ ಇಷ್ಟು ಅವಸರವಿಲ್ಲ. 36ರಿಂದ 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದರೆ ಸರಿ, ಆದ್ದರಿಂದ ಇಲ್ಲಿ ದೂರಕ್ಕಿಂತ ಒಳ್ಳೆಯ ತಂಡ ಮುಖ್ಯ. ಕೆಡುಕಾಗುವುದು ಬಿದ್ದಲ್ಲೇ ಬಿದ್ದಿರುವುದರಿಂದ. ಒಂದು ಗಂಟೆಗಿಂತ ಹೆಚ್ಚು ನೆಲದ ಮೇಲೇ ಇದ್ದವರಲ್ಲಿ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು, ಒತ್ತಿದ ಕಡೆ ಹುಣ್ಣಾಗುವುದು, ಮೈ ತಣ್ಣಗಾಗುವುದು ಉಂಟು. ಕೈಗೆ ಕಟ್ಟುವ ಅಲಾರಂ ಗುಂಡಿ ಕೊಳ್ಳುವವರು ಅದರ ವ್ಯಾಪ್ತಿಯನ್ನು ಹಿತ್ತಲಲ್ಲಿ, ಪಂಪ್‌ಹೌಸಿನ ಬಳಿ, ಬಚ್ಚಲಿನ ಬಾಗಿಲು ಮುಚ್ಚಿಕೊಂಡು ಪರೀಕ್ಷಿಸಬೇಕು. ನಗರದ ಫ್ಲ್ಯಾಟಿಗೆಂದು ಮಾಡಿದವು ತೋಟದ ತುದಿಯಲ್ಲಿ ಸದ್ದು ಮಾಡುವುದಿಲ್ಲ.

ಒಂದು ರಾತ್ರಿಯ ಲೆಕ್ಕ ಹಾಕಿ ನೋಡಿ

ಕಾಗದ ಪೆನ್ನು ಹಿಡಿದು ಕೂತರೆ ಅರ್ಧ ಗಂಟೆಯ ಕೆಲಸ. ಉದಾಹರಣೆಗೆ, ರಾತ್ರಿ 2:00ಕ್ಕೆ ಎದೆನೋವು ಶುರುವಾಯಿತು ಎನ್ನಿ. ಗ್ಯಾಸ್ ಇರಬಹುದೆಂದು ನೀರು ಕುಡಿದು, ಬೆನ್ನು ನೀವಿಸಿಕೊಂಡು ಕಾಯುವುದರಲ್ಲಿ 25 ನಿಮಿಷ. 2:25ಕ್ಕೆ ಫೋನ್. ವಿಳಾಸ ಹೇಳಿ, ಗಾಡಿ ಹೊರಡುವಾಗ 2:28. ಆಂಬುಲೆನ್ಸ್ ನಿಲ್ಲುವ ಜಾಗ 22 ಕಿಲೋಮೀಟರ್ ಆಚೆ. ಕತ್ತಲಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗ ಹಿಡಿದರೂ 26 ನಿಮಿಷ, ಬಾಗಿಲಿಗೆ ಬಂದಾಗ 2:54. ಸ್ಟ್ರೆಚರ್‌ಗೆ ಹಾಕಿ ಹೊರಡಲು 15 ನಿಮಿಷ. 15 ಕಿಲೋಮೀಟರ್ ದೂರದ ಸಣ್ಣ ಆಸ್ಪತ್ರೆ ತಲುಪಿದಾಗ 3:29, ಇಸಿಜಿ ಕೈಗೆ ಸಿಕ್ಕಾಗ 3:39. ಚುಚ್ಚುಮದ್ದು ಅಲ್ಲೇ ಸಿಕ್ಕರೆ 4 ಗಂಟೆಯೊಳಗೆ ಚಿಕಿತ್ಸೆ ಶುರುವಾಯಿತು. ಸಿಗದಿದ್ದರೆ ಬೇರೆ ಗಾಡಿ, ಶಿಫಾರಸು ಪತ್ರ, ದೊಡ್ಡ ಆಸ್ಪತ್ರೆಗೆ ಫೋನ್ ಎಂದು 45 ನಿಮಿಷ. 80 ಕಿಲೋಮೀಟರ್ ದಾರಿಗೆ 90 ನಿಮಿಷ. ಅಲ್ಲಿ ಕ್ಯಾಥ್ ಲ್ಯಾಬ್ ಸಿಬ್ಬಂದಿ ಸೇರಿ ಸಿದ್ಧವಾಗಲು 45. ನಾಳ ತೆರೆದುಕೊಳ್ಳುವಾಗ ಬೆಳಗಿನ 6:39. ಇಸಿಜಿಯಿಂದ ಇಲ್ಲಿಗೆ 180 ನಿಮಿಷ. 120ರ ಗಡಿ ಎಲ್ಲೋ ದಾರಿಯಲ್ಲೇ ದಾಟಿಹೋಗಿದೆ.

ಈ ಲೆಕ್ಕದಲ್ಲಿ ರಸ್ತೆ ನಿಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಮೂರು: ಮೊದಲ 25 ನಿಮಿಷದ ಕಾಯುವಿಕೆ, ಆಂಬುಲೆನ್ಸ್ ನೆಲೆಗೆ ಇರುವ ದೂರ, ಮೊದಲ ಆಸ್ಪತ್ರೆಯ ಆಯ್ಕೆ. ಹಾಗಾಗಿ ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಆಸ್ಪತ್ರೆಯವರ ಬದಲು ಅದರ ಚಾಲಕರನ್ನೇ ಕೇಳುವುದು ವಾಸಿ. ಸುತ್ತಮುತ್ತಲಿಗೆಲ್ಲ ಒಂದೇ ಗಾಡಿಯೇ? ಅದು ಯಾರನ್ನೋ 80 ಕಿಲೋಮೀಟರ್ ದೂರಕ್ಕೆ ಬಿಡಲು ಹೋದರೆ ಹಿಂತಿರುಗುವವರೆಗೆ ನಾಲ್ಕು ಗಂಟೆ ಈ ಕಡೆ ಯಾವ ಗಾಡಿ? ಒಳಗೆ ಬರೀ ಆಮ್ಲಜನಕ ಮತ್ತು ಸ್ಟ್ರೆಚರ್ ಇದೆಯೋ, ಮಾನಿಟರ್, ಶಾಕ್ ಯಂತ್ರ, ತರಬೇತಾದ ಸಿಬ್ಬಂದಿಯೂ ಇದ್ದಾರೋ? ಹೆಲಿಕಾಪ್ಟರ್ ಸೇವೆ ಇದೆ ಎಂಬ ಜಾಹೀರಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಂಜು, ಮಳೆ, ಕತ್ತಲು ಅದನ್ನು ನೆಲಕ್ಕೆ ಕೂರಿಸುತ್ತವೆ, ಮತ್ತು ಕೆಟ್ಟ ಸುದ್ದಿ ಅಂಥ ಹೊತ್ತಲ್ಲೇ ಬರುತ್ತದೆ.

ಮನೆಯಲ್ಲಿ 300 ಮಿಲಿಗ್ರಾಂ ಆಸ್ಪಿರಿನ್ ಇರಲಿ. ಆಂಬುಲೆನ್ಸ್‌ಗೆ ಫೋನ್ ಮಾಡಿದ ಮೇಲೆ, ಅಲರ್ಜಿಯಾಗಲಿ ರಕ್ತಸ್ರಾವದ ತೊಂದರೆಯಾಗಲಿ ಇಲ್ಲದವರು ಎದೆನೋವಿಗೆ ಅದನ್ನು ಅಗಿದು ನುಂಗಬಹುದು. ಲಕ್ವದ ಲಕ್ಷಣ ಕಂಡರೆ ಅದನ್ನು ಮುಟ್ಟಬಾರದು, ಮಿದುಳಿನಲ್ಲಿ ರಕ್ತ ಸೋರುತ್ತಿರಬಹುದು. ಇಬ್ಬರ ಹೆಸರಿನಲ್ಲೂ ಒಂದೊಂದು ಹಾಳೆ ಬರೆದು ಬಾಗಿಲ ಹಿಂದೆ ಅಂಟಿಸಿ: ಕಾಯಿಲೆಗಳು, ಮಾತ್ರೆಗಳು, ಅಲರ್ಜಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಅದರ ಹೆಸರು ಮತ್ತು ದಿನದ ಯಾವ ಹೊತ್ತಿಗೆ ನುಂಗುತ್ತೀರಿ ಎಂಬುದು ದೊಡ್ಡ ಅಕ್ಷರದಲ್ಲಿರಲಿ. ಕೊನೆಯ ಮಾತ್ರೆ ನುಂಗಿದ್ದು ಯಾವಾಗ ಎಂದು ಗೊತ್ತಿಲ್ಲದೆ ಲಕ್ವದ ಚುಚ್ಚುಮದ್ದು ಕೊಡಲು ವೈದ್ಯರಿಗೆ ಧೈರ್ಯ ಬರುವುದಿಲ್ಲ.

ಭಾನುವಾರ ರಾತ್ರಿಯ ಫೋನ್

ಆಸ್ಪತ್ರೆಯನ್ನು ವಾರದ ದಿನ ಹಗಲಲ್ಲಿ ನೋಡಲು ಹೋದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಭಾನುವಾರ ರಾತ್ರಿ 11ಕ್ಕೆ ಫೋನ್ ಮಾಡಿ. ಯಾರೂ ಎತ್ತದಿದ್ದರೆ ಉತ್ತರ ಸಿಕ್ಕಂತೆಯೇ. ಎತ್ತಿದರೆ, ಈಗ ಕರ್ತವ್ಯದಲ್ಲಿರುವ ವೈದ್ಯರು ಕಟ್ಟಡದೊಳಗೆ ಇದ್ದಾರೆಯೇ, ಕರೆದರೆ ಬರುವವರೇ, ಬರುವವರಾದರೆ ಎಷ್ಟು ನಿಮಿಷ ದೂರದಲ್ಲಿ ಮನೆ ಎಂದು ವಿಚಾರಿಸಿ. ಸಿಟಿ ಯಂತ್ರ ಇದ್ದರೂ ಅದನ್ನು ನಡೆಸುವ ತಂತ್ರಜ್ಞರು ಸಂಜೆ ಮನೆಗೆ ಹೋಗುತ್ತಾರಾ? ಚಿತ್ರವನ್ನು ಬೇರೆ ಊರಿನ ರೇಡಿಯಾಲಜಿಸ್ಟ್ ಓದಿ ಹೇಳುವ ವ್ಯವಸ್ಥೆ ಇದ್ದರೆ ಅದರಲ್ಲಿ ತಪ್ಪೇನಿಲ್ಲ, ತೆಗೆಯುವವರು ಇರಬೇಕಷ್ಟೆ.

ಬಹಳ ಜನ ಕೇಳಲು ಮರೆಯುವುದು ಅರಿವಳಿಕೆ ವೈದ್ಯರ ಬಗ್ಗೆ. ಫಲಕದಲ್ಲಿ ಮೂವರು ಸರ್ಜನ್‌ಗಳ ಹೆಸರಿರಬಹುದು, ಅರಿವಳಿಕೆ ಕೊಡುವವರು ಊರಲ್ಲಿ ಇಲ್ಲದಿದ್ದರೆ ಆ ಮೂವರೂ ಕೈಕಟ್ಟಿ ಕೂರಬೇಕು. ರಾತ್ರಿಯ ಹೊಟ್ಟೆನೋವು, ಸಿಕ್ಕಿಕೊಂಡ ಹರ್ನಿಯಾ, ಒಡೆದ ಅಪೆಂಡಿಕ್ಸ್ ಎಲ್ಲ ನಿಲ್ಲುವುದು ಇಲ್ಲೇ. ರಕ್ತದ ವಿಚಾರವೂ ಅಷ್ಟೇ: ಪೂರ್ತಿ ರಕ್ತನಿಧಿ ಇದೆಯೋ, ಬೇರೆ ಊರಿನಿಂದ ತಂದ ಕೆಲವೇ ಚೀಲಗಳನ್ನು ಇಟ್ಟುಕೊಳ್ಳುವ ಫ್ರಿಜ್ ಮಾತ್ರವೋ? ಹೊಟ್ಟೆಯ ಹುಣ್ಣು ಒಡೆದು ರಕ್ತ ಕಾರುವವರಿಗೆ ಈ ವ್ಯತ್ಯಾಸ ದೊಡ್ಡದು. ಹೊಲ ಗದ್ದೆಗಳ ನಡುವೆ ಇರುವ ಊರಾದರೆ ಹಾವಿನ ವಿಷಕ್ಕೆ ಮದ್ದು ಮತ್ತು ಉಸಿರಾಟದ ಯಂತ್ರ ಎರಡೂ ಒಂದೇ ಕಡೆ ಇವೆಯೇ ಎಂದೂ ಕೇಳಿ. ನರಗಳಿಗೆ ಏರುವ ವಿಷಕ್ಕೆ ಮದ್ದೊಂದೇ ಸಾಲದು, ಉಸಿರು ನಿಲ್ಲದಂತೆ ಯಂತ್ರ ಬೇಕಾಗುತ್ತದೆ.

ಫಲಕದ ಮೇಲಿನ ಹೆಸರುಗಳನ್ನು ಅರ್ಧ ಮಾತ್ರ ನಂಬಿ. ಹೃದ್ರೋಗ ತಜ್ಞರು ತಿಂಗಳಿಗೆ ಎರಡು ಶನಿವಾರ ಬಂದು ಹೋಗುವವರಿರಬಹುದು. ಇಡೀ ವಿಭಾಗ ಒಬ್ಬರೇ ವೈದ್ಯರ ಮೇಲೆ ನಿಂತಿದ್ದರೆ, ಅವರು ಊರು ಬದಲಿಸಿದ ದಿನ ಆ ಸೌಲಭ್ಯವೂ ಹೋಯಿತು. ನನ್ನ ಮಟ್ಟಿಗೆ, ಒಂದು ಅದ್ಭುತ ಆಸ್ಪತ್ರೆಗಿಂತ ಬೇರೆ ಬೇರೆ ದಿಕ್ಕಿನ ರಸ್ತೆಗಳಲ್ಲಿರುವ ಎರಡು ಸಾಧಾರಣ ಆಸ್ಪತ್ರೆಗಳು ಮೇಲು. ಒಂದು ರಸ್ತೆ ಕಡಿದುಹೋದರೂ, ಒಂದು ವಿಭಾಗ ಮುಚ್ಚಿದರೂ ಇನ್ನೊಂದು ದಾರಿ ಇರುತ್ತದೆ.

ಮಿತಿ ಎಷ್ಟಿರಬೇಕು ಎಂದು ಕೇಳುವವರಿಗೆ ನನ್ನ ಲೆಕ್ಕ ಇದು: 24 ಗಂಟೆಯೂ ವೈದ್ಯರಿದ್ದು ಇಸಿಜಿ, ಹೃದಯದ ಚುಚ್ಚುಮದ್ದು ಸಿಗುವ ಜಾಗ 30 ನಿಮಿಷದೊಳಗೆ. ರಾತ್ರಿಯೂ ನಡೆಯುವ ಸಿಟಿ ಸ್ಕ್ಯಾನ್ 60 ನಿಮಿಷದೊಳಗೆ. ಕ್ಯಾಥ್ ಲ್ಯಾಬ್, ತೀವ್ರ ನಿಗಾ ಘಟಕ, ಕ್ಯಾನ್ಸರ್ ಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆ 2 ಗಂಟೆಯೊಳಗೆ. ಈಗಾಗಲೇ ಸ್ಟೆಂಟ್ ಹಾಕಿಸಿಕೊಂಡವರು, ಮೂತ್ರಪಿಂಡ ಸೋಲುತ್ತಿರುವವರು ಈ ಕೊನೆಯದನ್ನು ಒಂದು ಗಂಟೆಗೆ ಇಳಿಸಿಕೊಳ್ಳುವುದು ಒಳಿತು. ಗಡಿಯಾರ ಶುರುವಾಗುವುದು ಹಾಸಿಗೆಯಿಂದ ಎದ್ದಾಗ, ಕಾರಿನ ಎಂಜಿನ್ ಚಾಲೂ ಆದಾಗಲ್ಲ.

ಮತ್ತೆ ಮತ್ತೆ ಹೋಗಬೇಕಾದ ದಾರಿ

ಡಯಾಲಿಸಿಸ್ ವಾರಕ್ಕೆ ಮೂರು ಸಲ, ಸಲಕ್ಕೆ ಸುಮಾರು 4 ಗಂಟೆ. ಸೂಜಿ ಚುಚ್ಚಿಸಿಕೊಳ್ಳಲು, ಆಮೇಲೆ ಸುಧಾರಿಸಿಕೊಳ್ಳಲು ಇನ್ನೊಂದು ಗಂಟೆ. ಕೇಂದ್ರ 60 ಕಿಲೋಮೀಟರ್ ದೂರವಿದ್ದು ಒಂದು ಕಡೆಗೆ 75 ನಿಮಿಷ ಹಿಡಿದರೆ ದಿನಕ್ಕೆ ಏಳೂವರೆ ಗಂಟೆ ಹೋಯಿತು. ವಾರಕ್ಕೆ 360 ಕಿಲೋಮೀಟರ್, ವರ್ಷಕ್ಕೆ 18,000 ದಾಟುತ್ತದೆ. ಮುಗಿಸಿ ಬರುವಾಗ ರಕ್ತದೊತ್ತಡ ಇಳಿದಿರುತ್ತದೆ, ಸ್ವತಃ ಓಡಿಸುವ ಹಾಗಿಲ್ಲ. ಕೇಂದ್ರದಲ್ಲಿ ಎಷ್ಟು ಯಂತ್ರಗಳಿವೆ ಎಂದು ಕೇಳಿ ಪ್ರಯೋಜನವಿಲ್ಲ, ಹೊಸಬರಿಗೆ ಜಾಗ ಖಾಲಿ ಇದೆಯೇ, ಯಾವ ಪಾಳಿಯಲ್ಲಿ ಎಂದು ಕೇಳಬೇಕು. ನಸುಕಿನ ಪಾಳಿ ಮಾತ್ರ ಖಾಲಿ ಎಂದರೆ ಹಳ್ಳಿಯಿಂದ 3 ಗಂಟೆಗೇ ಹೊರಡಬೇಕಾದೀತು. ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಡಯಾಲಿಸಿಸ್ ಕೆಲವರಿಗೆ ಒಗ್ಗುತ್ತದೆ, ದೂರದ ಊರಲ್ಲಿರುವವರಿಗೆ ಅದೇ ಅನುಕೂಲ. ಅದಕ್ಕೆ ಧೂಳಿಲ್ಲದ, ಸಾಕುಪ್ರಾಣಿ ನುಗ್ಗದ ಒಂದು ಕೋಣೆ, ತಿಂಗಳ ದ್ರಾವಣದ ಪೆಟ್ಟಿಗೆಗಳನ್ನು ಜೋಡಿಸಲು ಜಾಗ, ಅವನ್ನು ಮನೆವರೆಗೆ ತಂದುಕೊಡುವವರು ಬೇಕು.

ಕ್ಯಾನ್ಸರಿನ ವಿಕಿರಣ ಚಿಕಿತ್ಸೆ ವಾರಕ್ಕೆ 5 ದಿನದಂತೆ ಹಲವರಿಗೆ 3ರಿಂದ 7 ವಾರ ನಡೆಯುತ್ತದೆ. ಚಿಕಿತ್ಸೆ ಹದಿನೈದು ಇಪ್ಪತ್ತು ನಿಮಿಷದ್ದು, ದಾರಿ ನಾಲ್ಕು ಗಂಟೆಯದು. ಇದಕ್ಕೆ ಹಳ್ಳಿಯನ್ನೇ ಬದಲಿಸಬೇಕಿಲ್ಲ, ಆಸ್ಪತ್ರೆ ಪಕ್ಕ ಎರಡು ತಿಂಗಳು ಕೋಣೆ ಹಿಡಿಯುವ ಖರ್ಚನ್ನು ಮೊದಲೇ ಎತ್ತಿಟ್ಟರೆ ಸಾಕು. ಕಣ್ಣಿನ ರೆಟಿನಾಕ್ಕೆ ಕೊಡುವ ಇಂಜೆಕ್ಷನ್ ಬೇರೆ ಥರದ ಕಾಟ: ಶುರುವಿನ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ, ಆಮೇಲೂ ವರ್ಷಗಟ್ಟಲೆ. ಕಣ್ಣಿಗೆ ಡ್ರಾಪ್ಸ್ ಹಾಕಿದ ದಿನ ಗಾಡಿ ಓಡಿಸುವಂತಿಲ್ಲ, ಪ್ರತಿ ಸಲವೂ ಒಬ್ಬರು ಜೊತೆಗೆ ಬೇಕು. ಮಂಡಿ ಬದಲಿಸಿದ ಮೇಲಿನ ಫಿಸಿಯೋಥೆರಪಿಯನ್ನು ದೂರವೆಂದು ಬಿಟ್ಟವರ ಮಂಡಿ ಮಡಿಚಲಾಗದೆ ಬಿಗಿದುಕೊಳ್ಳುತ್ತದೆ. ಹಳ್ಳಿಗೆ ಬಂದು ಹೋಗುವ ಫಿಸಿಯೋ ಒಬ್ಬರಿದ್ದರೆ ಅದು ಸ್ಕ್ಯಾನಿಂಗ್ ಸೆಂಟರಿಗಿಂತ ಬೆಲೆಬಾಳುವ ಸೌಲಭ್ಯ. ನಿಮಗಿರುವ ಕಾಯಿಲೆ, ಮನೆತನದಲ್ಲಿ ಬಂದಿರುವ ಕಾಯಿಲೆ ಯಾವುದೋ ಅದರ ಅತಿ ಕೆಟ್ಟ ವರ್ಷದ ಭೇಟಿಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ಆ ಕ್ಯಾಲೆಂಡರ್ ನೋಡಿದ ಮೇಲೂ ಆ ಊರು ಇಷ್ಟವಾದರೆ ಸರಿ.

ದಿನನಿತ್ಯದ ಸಣ್ಣ ಅಗತ್ಯಗಳಿಗೆ ಊರಲ್ಲೊಬ್ಬರು ನರ್ಸ್, ಒಂದು ಔಷಧಿ ಅಂಗಡಿ, ರಕ್ತದ ಮಾದರಿ ಒಯ್ಯುವವರು ಸಾಕು. ಪ್ರಾಸ್ಟೇಟ್ ಊದಿದವರಿಗೆ ರಾತ್ರಿ ಮೂತ್ರ ಕಟ್ಟಿಕೊಂಡರೆ ಬೇಕಾಗುವುದು ಒಂದು ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ) ಮತ್ತು ಅದನ್ನು ಹಾಕಬಲ್ಲ ಕೈ ಮಾತ್ರ, ಅದಿಲ್ಲದ ಊರಿನಲ್ಲಿ ಆ ಒಂದು ಗಂಟೆಯ ಪ್ರಯಾಣ ನರಕ. ವಿಡಿಯೋದಲ್ಲಿ ವೈದ್ಯರನ್ನು ಕಾಣುವ ಸೌಲಭ್ಯವನ್ನು ಬಿಪಿ, ಸಕ್ಕರೆಯ ಮಾತ್ರೆ ಹೆಚ್ಚು ಕಡಿಮೆ ಮಾಡಲು, ರಿಪೋರ್ಟ್ ತೋರಿಸಲು, ಚರ್ಮದ ತೊಂದರೆಗೆ, ಮನಸ್ಸಿನ ತೊಂದರೆಗೆ ಧಾರಾಳವಾಗಿ ಬಳಸಿ. ಹೊಸದಾಗಿ ಶುರುವಾದ ಹೊಟ್ಟೆನೋವು, ಉಬ್ಬಸ, ತಲೆಸುತ್ತು ಪರದೆಯ ಮೂಲಕ ತಿಳಿಯುವಂಥವಲ್ಲ.

ಗೇಟಿನಿಂದ ಹಾಸಿಗೆಯವರೆಗೆ

ಜಾಗ ಸರಿಯಾಗಿದ್ದು ಮನೆಯೇ ಅಡ್ಡ ಬರುವುದೂ ಉಂಟು. ಆಂಬುಲೆನ್ಸ್ ಎತ್ತರದ, ಉದ್ದದ ಗಾಡಿ. ಗೇಟಿನ ತೆರವು 3.5 ಮೀಟರ್‌ಗಿಂತ ಕಡಿಮೆ ಇದ್ದರೆ ಕಿರಿದಾದ ರಸ್ತೆಯಿಂದ ತಿರುಗಿ ಒಳಗೆ ಬರಲು ತಿಣುಕಾಡುತ್ತದೆ. ಮರದ ಕೊಂಬೆ, ಕರೆಂಟ್ ತಂತಿ ಜೋತಿದ್ದರೆ ಮುಂದೆ ಬರಲು ಚಾಲಕ ಒಪ್ಪುವುದಿಲ್ಲ. ಹಿಂದಿರುಗಲು ಜಾಗ ಇಲ್ಲದ 300 ಮೀಟರ್ ಮಣ್ಣುದಾರಿ ಇದ್ದರೆ, ಮಳೆಯಲ್ಲಿ ಅಷ್ಟೂ ದೂರ ಸ್ಟ್ರೆಚರ್ ಹೊರಬೇಕಾಗುತ್ತದೆ. ಸ್ಟ್ರೆಚರ್ ಸುಮಾರು 2 ಮೀಟರ್ ಉದ್ದ. 90 ಸೆಂಟಿಮೀಟರ್ ಅಗಲದ ನಡುಮನೆ ದಾರಿಯಲ್ಲಿ ಅದು ಮಲಗುವ ಕೋಣೆಗೆ ತಿರುಗುವುದೇ ಇಲ್ಲ, ತಿರುವಿನಲ್ಲಿ 1.2 ಮೀಟರ್ ಆದರೂ ಬೇಕು. ಮಲಗುವ ಕೋಣೆ ಮಹಡಿಯಲ್ಲಿದ್ದರೆ ಮಾತೇ ಬೇಡ.

ಗಾಲಿಕುರ್ಚಿಗೆ ಬಾಗಿಲು 90 ಸೆಂಟಿಮೀಟರ್, ತಿರುಗಲು ಬಚ್ಚಲಲ್ಲಿ 150 ಸೆಂಟಿಮೀಟರ್ ಅಡ್ಡಳತೆಯ ಜಾಗ ಬೇಕು. ಇಳಿಜಾರು 1:12 ಇರಬೇಕು, ಅಂದರೆ ಅಡಿಪಾಯ ನೆಲದಿಂದ 45 ಸೆಂಟಿಮೀಟರ್ ಮೇಲಿದ್ದರೆ ಇಳಿಜಾರಿನ ಉದ್ದ 5.4 ಮೀಟರ್. ಜಾಗ ಉಳಿಸಲು ಎರಡು ಮೀಟರಿಗೆ ಮುಗಿಸಿದ ಇಳಿಜಾರಿನಲ್ಲಿ ಕುರ್ಚಿ ತಳ್ಳುವ ವಯಸ್ಸಾದ ಗಂಡನೋ ಹೆಂಡತಿಯೋ ಕುರ್ಚಿಯ ಜೊತೆಗೇ ಉರುಳುತ್ತಾರೆ.

ವಿಳಾಸ ಹೇಳುವುದನ್ನು ಅಭ್ಯಾಸ ಮಾಡಿ. “ದೊಡ್ಡ ಮರದ ಹತ್ತಿರ ಎಡಕ್ಕೆ” ಎಂಬುದು ಬೇರೆ ಊರಿನಿಂದ ಬರುವ ಚಾಲಕನಿಗೆ ಕತ್ತಲಲ್ಲಿ ಕಾಣಿಸುವುದಿಲ್ಲ. ಮನೆಯ ಅಕ್ಷಾಂಶ ರೇಖಾಂಶವನ್ನು ದಶಮಾಂಶದ ಐದು ಅಂಕಿಗಳವರೆಗೆ ಬರೆದಿಟ್ಟರೆ ಸುಮಾರು ಒಂದು ಮೀಟರಿನಷ್ಟು ನಿಖರವಾಗಿ ಜಾಗ ಸಿಗುತ್ತದೆ. ಅದನ್ನೂ ಬಾಗಿಲ ಹಿಂದಿನ ಹಾಳೆಯಲ್ಲೇ ಬರೆಯಿರಿ. ಗೇಟಿನ ಬಳಿ ರಾತ್ರಿ ಹೊಳೆಯುವ ಅಂಕಿಫಲಕ ಹಾಕಿ. ಮೊಬೈಲ್ ಸಿಗ್ನಲ್ಲನ್ನು ಜಗಲಿಯಲ್ಲಿ ನೋಡಿದರೆ ಆಗಲಿಲ್ಲ. ಮಲಗುವ ಕೋಣೆಯಲ್ಲಿ, ಬಚ್ಚಲಲ್ಲಿ, ಎರಡು ಬೇರೆ ಕಂಪನಿಗಳ ಸಿಮ್ ಹಾಕಿ ನೋಡಿ, ಕರೆಂಟ್ ಹೋಗಿ ಕೆಲವು ಗಂಟೆ ಆದಮೇಲೂ ಟವರ್ ಕೆಲಸ ಮಾಡುತ್ತದೆಯೇ ಎಂದು ಅಕ್ಕಪಕ್ಕದವರನ್ನು ಕೇಳಿ.

ಕರೆಂಟಿನ ವಿಚಾರದಲ್ಲಿ ಲೆಕ್ಕ ತಪ್ಪುವುದು ಆಮ್ಲಜನಕದ ಯಂತ್ರದ ಮೇಲೆ. ನಿಮಿಷಕ್ಕೆ 5 ಲೀಟರ್ ಕೊಡುವ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ. ಮನೆಯ ಇನ್ವರ್ಟರಿನ 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್‌ಅವರ್ ಇದ್ದರೂ ಪೂರ್ತಿ ಬರಿದಾಗಿಸುವಂತಿಲ್ಲ, ಇನ್ವರ್ಟರಿನಲ್ಲೂ ಸ್ವಲ್ಪ ಸೋರುತ್ತದೆ. ಕೈಗೆ ಸಿಗುವುದು ಸಾವಿರದ ಆಸುಪಾಸು. ಅಂದರೆ ಮೂರು ಗಂಟೆಗಿಂತ ಕೊಂಚ ಕಡಿಮೆ. ರಾತ್ರಿಯೆಲ್ಲ ಕರೆಂಟ್ ಹೋಗುವ ಊರಾದರೆ ಇಂಥ ಬ್ಯಾಟರಿ ಮೂರೋ ನಾಲ್ಕೋ ಬೇಕು, ಜೊತೆಗೆ ತುಂಬಿದ ಒಂದು ಸಿಲಿಂಡರ್. ಇನ್ಸುಲಿನ್‌ನದು ಸುಲಭ: ತೆರೆಯದ್ದು 2ರಿಂದ 8 ಡಿಗ್ರಿಯಲ್ಲಿರಬೇಕು, ಬಳಸುತ್ತಿರುವುದು ಸಾಮಾನ್ಯವಾಗಿ ನಾಲ್ಕು ವಾರ ಹೊರಗೇ ತಾಳುತ್ತದೆ, ಬಿಸಿಲಿನ ಊರಲ್ಲಿ ತಂಪಾಗಿಡಬೇಕಷ್ಟೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಎಸೆಯಬೇಕು.

ಉಸಿರಾಟದ ಕಾಯಿಲೆ ಇರುವವರು ಬೆಟ್ಟದ ಊರನ್ನು ಎರಡು ಸಲ ಯೋಚಿಸಿ ಆರಿಸಿ. 2,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 79ರಷ್ಟಕ್ಕೆ ಇಳಿದಿರುತ್ತದೆ, ಆಮ್ಲಜನಕವೂ ಅಷ್ಟೇ ಕಡಿಮೆ. ಬಯಲಿನ ಹಳ್ಳಿಯ ಗಾಳಿ ಸದಾ ಶುದ್ಧ ಎಂದೇನೂ ಇಲ್ಲ: ಕಲ್ಲುಗಣಿ, ಕೊಯ್ಲಿನ ನಂತರದ ಬೆಂಕಿ, ಔಷಧಿ ಸಿಂಪಡಣೆ ಇವೆಯೇ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ನೋಡಿಕೊಳ್ಳಿ.

ಸ್ಟೀರಿಂಗ್ ಬಿಟ್ಟ ಮೇಲೆ

ಪೊರೆ ಬಂದ ಕಣ್ಣಿಗೆ ಎದುರು ಗಾಡಿಯ ಬೆಳಕು ಕುಕ್ಕಲು ಶುರುವಾದ ಮೇಲೆ ರಾತ್ರಿ ಓಡಿಸುವುದು ಮೊದಲು ನಿಲ್ಲುತ್ತದೆ. ಆಮೇಲೆ ಹಗಲಿನದು. ಈ ಎರಡರ ನಂತರವೂ ಆ ಮನೆಯಲ್ಲಿ ಹಲವು ವರ್ಷ ಇರಬೇಕಾಗುತ್ತದೆ, ಮತ್ತು ಕಡೆಯ ಕೆಲವು ವರ್ಷ ಬಹುಶಃ ಒಬ್ಬರೇ. ಇದೊಂದು ಕಾರಣಕ್ಕೆ ಒಂಟಿ ತೋಟದ ಮನೆಗಿಂತ ಊರೊಳಗಿನ, ನಡೆದು ಅಂಗಡಿಗೆ ಹೋಗಬಹುದಾದ ಮನೆಯ ಕಡೆಗೇ ನನ್ನ ಮತ. ತೋಟ ಬೇಕೇ ಬೇಕೆಂದರೆ ಅದು ಬೇರೆ ಇರಲಿ, ಮಲಗುವುದು ಊರೊಳಗೆ. ಕರೆದರೆ ಅರ್ಧ ಗಂಟೆಯಲ್ಲಿ ಬರುವ ಬಾಡಿಗೆ ಗಾಡಿಯವರು ಮೂವರು ನಾಲ್ವರ ಪರಿಚಯ ಇರಬೇಕು. ಒಬ್ಬರೇ ಇದ್ದರೆ ಅವರೂ ಒಂದು ದಿನ ಊರಲ್ಲಿರುವುದಿಲ್ಲ.

ಕೊಳ್ಳುವ ಮೊದಲು ಬಾಡಿಗೆಗೆ ಇದ್ದು ನೋಡಿ, ಅದೂ ಆ ಊರಿನ ಅತಿ ಕೆಟ್ಟ ಕಾಲದಲ್ಲಿ. ಮಳೆಗೆ ರಸ್ತೆ ಕೊಚ್ಚಿಹೋಗುವ ಊರಾದರೆ ಮಳೆಗಾಲ, ಹಿಮ ಬೀಳುವ ಊರಾದರೆ ಚಳಿಗಾಲ, ನೀರು ಬತ್ತುವ ಊರಾದರೆ ಬೇಸಿಗೆ. ಪ್ರವಾಸಿಗರು ಬರುವ ಕಾಲದಲ್ಲಿ ಮಾತ್ರ ನೋಡಿ ತೀರ್ಮಾನಿಸಿದ ಊರುಗಳೇ ಆಮೇಲೆ ಕೈಕೊಡುವುದು. ಆ ತಿಂಗಳುಗಳಲ್ಲಿ ಒಮ್ಮೆ ರಾತ್ರಿ 2ಕ್ಕೆ ಎದ್ದು, ಗಡಿಯಾರ ಹಿಡಿದು, ಬಟ್ಟೆ ಹಾಕಿ, ಬೀಗ ಹಾಕಿ, ಗೇಟು ತೆಗೆದು, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲವರೆಗೆ ಹೋಗಿ ಬನ್ನಿ. ರೈಲ್ವೆ ಗೇಟು ಎಷ್ಟು ಹೊತ್ತು ಮುಚ್ಚಿರುತ್ತದೆ, ಮಂಜು ಎಲ್ಲಿ ಕಟ್ಟುತ್ತದೆ, ಬೀದಿ ದನಗಳು ಎಲ್ಲಿ ಮಲಗುತ್ತವೆ ಎಂಬುದು ನಕ್ಷೆಯಲ್ಲಿ ಸಿಗುವುದಿಲ್ಲ.

ವಿಮೆ ಇರುವವರು ತಾವು ಆರಿಸಿಕೊಂಡ ಆಸ್ಪತ್ರೆಗಳೆಲ್ಲ ತಮ್ಮ ವಿಮಾ ಕಂಪನಿಯ ಪಟ್ಟಿಯಲ್ಲಿವೆಯೇ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವ ಆಂಬುಲೆನ್ಸ್ ಖರ್ಚಿಗೆ ಮಿತಿ ಎಷ್ಟು ಎಂದು ಬರಹದಲ್ಲೇ ಕೇಳಿ ತಿಳಿದುಕೊಳ್ಳಬೇಕು. ಪಟ್ಟಿ ಪ್ರತಿ ವರ್ಷ ಬದಲಾಗಬಹುದು, ನವೀಕರಿಸುವಾಗ ಮತ್ತೆ ನೋಡಿ.

ಹಳ್ಳಿಗೆ ಹೋಗುವ ಮುಂಚೆಯೇ ಯಾವಾಗ ಬಿಡುವುದು ಎಂಬುದನ್ನೂ ಮಾತಾಡಿ ಬರೆದಿಡಿ: ಇಬ್ಬರಲ್ಲಿ ಯಾರೂ ಹಗಲಲ್ಲೂ ಕಾರು ಓಡಿಸಲಾಗದಿದ್ದಾಗ, ವರ್ಷದಲ್ಲಿ ಎರಡು ಸಲ ಬಿದ್ದಾಗ, ಡಯಾಲಿಸಿಸ್ ಬೇಕೆಂದು ವೈದ್ಯರು ಹೇಳಿದಾಗ, ಮರೆವು ಔಷಧಿಯ ಡಬ್ಬಿಯವರೆಗೂ ಬಂದಾಗ. ಮಕ್ಕಳಿಗೋ ನಂಬಿದವರಿಗೋ ಅದರ ಪ್ರತಿ ಕೊಡಿ, ಏಕೆಂದರೆ ಆ ದಿನ ಬಂದಾಗ “ಇನ್ನೊಂದು ವರ್ಷ ನೋಡೋಣ” ಎನ್ನುವವರು ನೀವೇ. ಇವುಗಳಲ್ಲಿ ಯಾವುದೇ ಒಂದು ಮೊದಲು ಕಂಡ ಕೂಡಲೇ ಮನೆಯನ್ನು ಮಾರಾಟಕ್ಕಿಡಿ. ಹಳ್ಳಿಯ ಮನೆಗೆ ಕೊಳ್ಳುವವರು ಸಿಗಲು ಒಂದೆರಡು ವರ್ಷವೇ ಹಿಡಿಯಬಹುದು, ಅಷ್ಟರಲ್ಲಿ ಉಳಿದವೂ ಬಂದಿರುತ್ತವೆ.